ಕಿಂಗ್‌ಫಿಷರ್, ವಿಸ್ಕಿ-ಸೋಡಾ ಬಿಟ್ಟು ಹೊಸದೇನಾದ್ರೂ ಕುಡಿಯೋಣ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು?

ಬೈಟು_ಬಸ್ಯಾ

ಎಲ್ರಿಗೂ ನಮಸ್ಕಾರ. ಮೂರ್ ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗೋನು ನಾನು, ಬರೀತಿರೋದು ಇದೇ ಫಸ್ಟು, ಉದ್ದ ಆದ್ರೆ ಬೈಕೋಬೇಡಿ.

ನನ್ನ ಕುಡಿತದ ಚರಿತ್ರೆ ಅಂದ್ರೆ ಎರಡೇ ಐಟಮ್ಮು. ಬೇಸಿಗೇಲಿ ಕಿಂಗ್‌ಫಿಷರು, ಮಿಕ್ಕಿದ್ ಟೈಮಲ್ಲಿ ವಿಸ್ಕಿ-ಸೋಡಾ, ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಕಾಯಿ. ಹದಿನೈದು ವರ್ಷ ಇದೇ ನಡ್ಕೊಂಡ್ ಬಂದಿದೆ. ಈಗ ನಲವತ್ತರ ಹತ್ರ ಬಂತು, ಹೆಂಡ್ತಿ ನಾನು ಕೂತು ಮಾತಾಡ್ಕೊಂಡ್ವಿ, ಜಾಸ್ತಿ ಕುಡಿಯೋದ್ ಬೇಡ, ತಿಂಗಳಿಗೆ ಎರಡೇ ದಿನ, ಅದೂ ಒಂದೋ ಎರಡೋ ಗ್ಲಾಸು, ಆದ್ರೆ ಆ ಗ್ಲಾಸಲ್ಲಿ ಇರೋದು ಹೊಸ ರುಚಿ ಇರ್ಬೇಕು ಅಂತ. ಪ್ಲಾನ್ ಚೆನ್ನಾಗೇ ಇತ್ತು, ಇಲ್ಲಿವರೆಗಿನ ರಿಸಲ್ಟ್ ಕೇಳಿ.

ಮೊದಲ ವಾರ ಇಂದಿರಾನಗರ ಕಡೆ ಒಂದು ಬ್ರೂಪಬ್ಬಿಗೆ, ಅಂದ್ರೆ ಬಿಯರ್ ಅಲ್ಲೇ ಮಾಡಿ ಕೊಡೋ ಪಬ್ಬಿಗೆ ಹೋದ್ವಿ. ಮೆನು ನೋಡಿದ್ರೆ ಒಂದೂ ಅರ್ಥ ಆಗ್ಲಿಲ್ಲ, ಐಪಿಎ, ಇಂಡಿಯಾ ಪೇಲ್ ಏಲ್ ಅಂತಿತ್ತು, ಅದ್ರಲ್ಲಿ ಇಂಡಿಯಾ ಅಂತ ಇದ್ಯಲ್ಲ ನಮ್ದೇ ಏನೋ ಇರ್ಬೇಕು ಅಂತ ಇಬ್ರಿಗೂ ದೊಡ್ ಗ್ಲಾಸೇ ಹೇಳ್ದೆ. ಬಂತು. ಹಾಗಲಕಾಯಿ ರಸಕ್ಕೆ ಗ್ಯಾಸ್ ತುಂಬಿದಂಗಿತ್ತು. ಅವಳು ಒಂದು ಗುಟುಕು ಕುಡಿದು ಗ್ಲಾಸ್ ನನ್ ಕಡೆ ತಳ್ಳಿದ್ಲು, ದುಡ್ಡು ಕೊಟ್ಟಿದೀವಲ್ಲ ಅಂತ ಎರಡೂ ನಾನೇ ಮುಗಿಸ್ದೆ.

ಎರಡನೇ ಸಲ ಒಂದು ಫ್ಯಾನ್ಸಿ ಕಾಕ್‌ಟೇಲ್ ಬಾರು. ಗಾಜಿನ ಗುಮ್ಮಟದೊಳಗೆ ಹೊಗೆ ತುಂಬಿಸ್ಕೊಂಡು ತಂದ್ರು, ಎಲ್ರೂ ಮೊಬೈಲ್ ತೆಗೆದ್ರು, ಹೊಗೆ ಹೋದ್ಮೇಲೆ ನೋಡಿದ್ರೆ ಒಳಗಿದ್ದದ್ದು ಮೂರು ಗುಟುಕು. ಬಿಲ್ ಬಗ್ಗೆ ಮಾತಾಡೋದ್ ಬೇಡ ಬಿಡಿ.

ಮೂರನೇದು ಮನೇಲೇ. ಯೂಟ್ಯೂಬ್ ನೋಡಿದ್ರೆ ಒಂದು ಡ್ರಿಂಕಿಗೆ ಆರು ಬಾಟ್ಲಿ ಬೇಕು ಅಂತಾರೆ, ನನ್ ಹತ್ರ ಇದ್ದಿದ್ದು ರಮ್ಮು, ನಿಂಬೆಹಣ್ಣು, ಸೋಡಾ. ಎಲ್ಲಾ ಸೇರಿಸಿ ಮಗನ ಸ್ಟೀಲ್ ವಾಟರ್ ಬಾಟ್ಲಿಗೆ ಹಾಕಿ ಮುಚ್ಚಳ ಟೈಟ್ ಮಾಡಿ ಕುಲುಕಿದೆ ನೋಡಿ, ತೆಗೆದ ತಕ್ಷಣ ಡಬ್ ಅಂತ. ಅಡುಗೆಮನೆ ಸೀಲಿಂಗ್ ಮೇಲೆ ಇವತ್ತಿಗೂ ಕಂದು ಕಲೆ ಇದೆ. ಅತ್ತೆ ಬಂದಾಗ ಏನಿದು ಅಂದ್ರು, ಚಿಪ್ಸ್ ಕರೀವಾಗ ಎಣ್ಣೆ ಹಾರಿದ್ದು ಅಂದೆ.

ಈಗ ಪ್ರಶ್ನೆ. ಮನೇಲಿ ಕಡಿಮೆ ಸಾಮಾನಲ್ಲಿ ಏನ್ ಮಾಡ್ಬೋದು, ಹೊರಗೆ ಹೋದಾಗ ಏನು ಕೇಳ್ಬೇಕು? ಹೆಂಡ್ತಿಗೆ ಕಹಿ ಆಗಲ್ಲ, ಹುಳಿ ಇಷ್ಟ. ನಾದಿನಿ ಕುಡಿಯಲ್ಲ, ಅವಳಿಗೂ ಏನಾದ್ರೂ ಇದ್ರೆ ಹೇಳಿ.

ಐಸ್‌_ಡಬ್ಬಿ

ಬಸ್ಯಾ ಅವ್ರೇ, ಆರು ವರ್ಷ ಬಾರ್ ಕೌಂಟರ್ ಹಿಂದೆ ನಿಂತಿದ್ದೆ, ಈಗ ಬೇರೆ ಕೆಲಸ, ಆದ್ರೂ ಇಂಥ ಪ್ರಶ್ನೆ ನೋಡಿದ್ರೆ ಕೈ ತುರಿಸುತ್ತೆ.

ಸೋಡಾ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ. ಗ್ಯಾಸ್ ಇರೋ ಯಾವ್ದನ್ನೂ ಮುಚ್ಚಿಟ್ಟು ಕುಲುಕ್ಬಾರ್ದು, ಸೋಡಾ, ಟಾನಿಕ್, ಬಿಯರ್ ಎಲ್ಲಾ ಕೊನೇಲಿ, ಗ್ಲಾಸಿಗೇ, ನಿಧಾನಕ್ಕೆ. ಮಿಕ್ಕಿದ್ದನ್ನ ಮಾತ್ರ ಐಸ್ ಜೊತೆ ಕುಲುಕೋದು.

ಇನ್ನು ಆರು ಬಾಟ್ಲಿ ಕಥೆ. ಅಷ್ಟು ಬೇಡವೇ ಬೇಡ. 60 ಎಂಎಲ್ ಎಣ್ಣೆ, 20 ಹುಳಿ, 20 ಸಿಹಿ, ಇಷ್ಟು ನೆನಪಿಟ್ಕೊಳ್ಳಿ ಸಾಕು. ರಮ್ ಹಾಕಿದ್ರೆ ಡೈಕಿರಿ, ವಿಸ್ಕಿ ಹಾಕಿದ್ರೆ ವಿಸ್ಕಿ ಸವರ್, ಜಿನ್ ಹಾಕಿದ್ರೆ ಗಿಮ್ಲೆಟ್ ಥರದ್ದು, ಟಕೀಲಾ ಹಾಕಿ ಸಿಹಿ ಜಾಗಕ್ಕೆ ಕಿತ್ತಳೆ ಲಿಕ್ಯೂರ್ (ಸಿಹಿ ಮದ್ಯ) ಹಾಕಿದ್ರೆ ಮಾರ್ಗರಿಟಾ. ಒಂದೇ ಹಿಟ್ಟಲ್ಲಿ ಸೆಟ್ ದೋಸೆ, ಮಸಾಲೆ ದೋಸೆ, ಪಡ್ಡು ಮಾಡಲ್ವಾ, ಹಂಗೇ. ನಿಮ್ಮನೆಯವ್ರಿಗೆ ಹುಳಿ ಇಷ್ಟ ಅಂದ್ರಿ, ಅವ್ರಿಗೆ ಹುಳಿ 25 ಮಾಡಿ ಸಿಹಿ 15ಕ್ಕೆ ಇಳಿಸಿ. ಅಳತೆಗೆ ದುಡ್ ಖರ್ಚು ಮಾಡ್ಬೇಡಿ, ಕೆಮ್ಮಿನ ಸಿರಪ್ ಮೇಲೆ ಗೆರೆ ಹಾಕಿರೋ ಪ್ಲಾಸ್ಟಿಕ್ ಮುಚ್ಚಳ ಇರುತ್ತಲ್ಲ, ಚೆನ್ನಾಗಿ ತೊಳೆದು ಅದ್ನೇ ಇಟ್ಕೊಳ್ಳಿ. ಕಣ್ಣಂದಾಜಲ್ಲಿ ಹಾಕೋರು ಹಾಕ್ತಾರೆ, ಆದ್ರೆ ಹೊಸಬರು ಕಣ್ಣಂದಾಜು ಅಂತ ಹೋದ್ರೆ ಎಣ್ಣೆ ಮಾತ್ರ ಯಾವಾಗ್ಲೂ ಜಾಸ್ತೀನೇ ಬೀಳುತ್ತೆ, ಕಡಿಮೆ ಬಿದ್ದಿದ್ ನಾನಂತೂ ನೋಡಿಲ್ಲ.

ನಿಂಬೆರಸ ಆವತ್ತೇ ಹಿಂಡಿದ್ದಿರ್ಬೇಕು, ನಮ್ ಸಾಧಾರಣ ಹಣ್ಣಲ್ಲಿ 15-20 ಎಂಎಲ್ ಬರುತ್ತೆ. ಸಿಹಿಗೆ ಸಕ್ಕರೆ ನೀರು ಸಮಸಮ ಕರಗಿಸಿದ ಪಾಕ. ಇದಕ್ಕಿಂತ ಒಳ್ಳೇದು ಬೆಲ್ಲ. ಒಂದು ಲೋಟ ಪುಡಿಬೆಲ್ಲ, ಒಂದು ಲೋಟ ನೀರು, ಕರಗೋವರೆಗೆ ಬಿಸಿ ಮಾಡಿ ಬಟ್ಟೇಲಿ ಸೋಸಿ, ಅಡೀಲಿ ಎಷ್ಟು ಮರಳು, ಕಬ್ಬಿನ ನಾರು ಉಳಿಯುತ್ತೆ ನೋಡಿ ಬೇಕಾದ್ರೆ. ಫ್ರಿಡ್ಜಲ್ಲಿ ವಾರ ಹತ್ ದಿನ ಇರುತ್ತೆ.

ಜನ ಕೇರೇ ಮಾಡ್ದೆ ಇರೋದು ಐಸು. ಮನೆ ಫ್ರೀಜರ್ ಐಸಿಗೆ ಶುಂಠಿ-ಬೆಳ್ಳುಳ್ಳಿ ಪೇಸ್ಟಿನ ವಾಸನೆ, ಮೀನಿನ ವಾಸನೆ ಹಿಡಿದಿರುತ್ತೆ, ಎಷ್ಟು ದುಬಾರಿ ಜಿನ್ ಹಾಕಿದ್ರೂ ಅದೇ ಮೂಗಿಗೆ ಬಡಿಯುತ್ತೆ. ಮುಚ್ಚಳ ಇರೋ ಸ್ಟೀಲ್ ಡಬ್ಬೀಲಿ ಐಸ್ ಮಾಡಿ (ನನ್ ಹೆಸರು ಸುಮ್ನೆ ಬಂದಿಲ್ಲ). ಕುಲುಕೋದು ಹನ್ನೆರಡು ಹದಿನೈದು ಸೆಕೆಂಡು, ಕೈ ಚುರುಗುಟ್ಟೋ ಅಷ್ಟು ತಣ್ಣಗಾಗ್ಬೇಕು. ಆಗ ಕಾಲು ಭಾಗದಷ್ಟು ನೀರು ಕರಗಿ ಸೇರ್ಕೊಂಡಿರುತ್ತೆ, ಆ ನೀರು ಬೇಕು, ಅದಿಲ್ದೆ ಇದ್ರೆ ಡ್ರಿಂಕ್ ಗಂಟಲು ಕೆರೆಯುತ್ತೆ. ರಸ, ಮೊಟ್ಟೆ, ಹಾಲು ಇರೋದನ್ನ ಕುಲುಕಿ, ಬರೀ ಎಣ್ಣೆ-ಎಣ್ಣೆ ಸೇರಿಸೋದಾದ್ರೆ ಚಮಚದಲ್ಲಿ ತಿರುವಿ.

ದುಡ್ಡು ಹಾಕೋದೇ ಆದ್ರೆ ಒಂದೇ ಒಂದು ವಸ್ತುಗೆ ಹಾಕಿ, ಆಂಗೊಸ್ಟುರಾ ಬಿಟರ್ಸ್ ಅಂತ ಟ್ರಿನಿಡಾಡ್‌ದು, ಕಹಿ ಮಸಾಲೆ ಸಾರ, ಸೈಜಿಗಿಂತ ದೊಡ್ಡ ಲೇಬಲ್ ಸುತ್ತಿರೋ ಪುಟ್ಟ ಬಾಟ್ಲಿ. ಸಾರಿಗೆ ಇಂಗು ಇದ್ದಂಗೆ ಅದು, ಎರಡು ಹನಿ ಮೇಲೆ ಬೇಡ, ಆದ್ರೆ ಇಲ್ದೆ ಇದ್ರೆ ಏನೋ ಕಮ್ಮಿ ಅನ್ಸುತ್ತೆ. ಒಂದು ಬಾಟ್ಲಿ ವರ್ಷಗಟ್ಟಲೆ ಬರುತ್ತೆ.

ಎರಡು ರೆಸಿಪಿ ಕೊಡ್ತೀನಿ. ಒಂದು ಪಾನಕ ರಮ್ಮು. ಓಲ್ಡ್ ಮಾಂಕ್ 60, ನಿಂಬೆರಸ 20, ಬೆಲ್ಲದ ಪಾಕ 20, ಆದ್ರೆ ಪಾಕ ಕುದಿವಾಗ್ಲೇ ಒಣಶುಂಠಿ, ಏಲಕ್ಕಿ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿರ್ಬೇಕು. ಐಸಲ್ಲಿ ಕುಲುಕಿ ಸೋಸಿ. ಎರಡನೇದು ಡಿಕಾಕ್ಷನ್ ಮಾರ್ಟಿನಿ. ಎಸ್‌ಪ್ರೆಸೊ ಮಾರ್ಟಿನಿ ಅಂತ ಎಲ್ಲಾ ಕಡೆ ಸಿಗುತ್ತಲ್ಲ, ಲಂಡನ್ನಲ್ಲಿ ಡಿಕ್ ಬ್ರಾಡ್ಸೆಲ್ ಅನ್ನೋ ಬಾರ್‌ಟೆಂಡರ್ 1980ರ ದಶಕದಲ್ಲಿ ಮಾಡಿದ್ದು. ಅದಕ್ಕೆ ಮಷೀನ್ ಬೇಕು ಅಂತ ಎಲ್ರೂ ಅನ್ಕೊಂಡಿದಾರೆ, ನಮ್ಮನೆ ಹಿತ್ತಾಳೆ ಫಿಲ್ಟರ್ ಇರೋದು ಯಾಕೆ? ವೋಡ್ಕಾ 45, ಗಟ್ಟಿ ಫಸ್ಟ್ ಡಿಕಾಕ್ಷನ್ 30, ಸಕ್ಕರೆ ಪಾಕ 15, ಕಾಫಿ ಲಿಕ್ಯೂರ್ ಇದ್ರೆ ಪಾಕದ ಬದ್ಲು ಅದು 20. ಡಿಕಾಕ್ಷನ್ ಆರಿರ್ಬೇಕು, ಬಿಸಿ ಇದ್ರೆ ಐಸೆಲ್ಲಾ ನೀರಾಗಿ ಹೋಗುತ್ತೆ. ನೊರೆ ಮಷೀನ್ ಕಾಫಿಯಷ್ಟು ಬರಲ್ಲ, ಜೋರಾಗಿ ಕುಲುಕಿದ್ರೆ ಪರವಾಗಿಲ್ಲ ಅನ್ನೋ ಅಷ್ಟು ಬರುತ್ತೆ. ಚಿಕೋರಿ ಹಾಕಿದ ಪುಡಿ ಆದ್ರೆ ಇನ್ನೂ ಗಟ್ಟಿ, ಶುದ್ಧ ಕಾಫಿ ಪಂಡಿತರು ಬೈಕೊಳ್ಳಲಿ.

ಹೊರಗೆ ಹೋಗೋದಾದ್ರೆ ಬಳ್ಳಾರಿ ರಸ್ತೆಯ ಫೋರ್ ಸೀಸನ್ಸ್ ಒಳಗೆ ಕೋಪಿಟಾಸ್, ಲೀಲಾ ಪ್ಯಾಲೇಸ್‌ನಲ್ಲಿ ಝಡ್‌ಎಲ್‌ಬಿ 23, ಎರಡೂ ಏಷ್ಯಾದ 50 ಬೆಸ್ಟ್ ಬಾರ್‌ಗಳ ಪಟ್ಟೀಲಿ ಬಂದಿರೋವು, ಕೈ ಕಚ್ಚುತ್ತೆ ಆದ್ರೆ ವರ್ಷಕ್ಕೊಂದ್ಸಲ ಆಗ್ಬೋದು. ಎಲ್ಲೇ ಹೋದ್ರೂ ಶನಿವಾರ ರಾತ್ರಿ ಹೋಗ್ಬೇಡಿ. ಮಂಗಳವಾರ ಬುಧವಾರ ಏಳು ಗಂಟೆಗೆ ಹೋಗಿ, ಟೇಬಲ್ ಬಿಟ್ಟು ಕೌಂಟರ್ ಮುಂದೆ ಕೂತು, ಮೆನು ಮುಚ್ಚಿಟ್ಟು, ನಂಗೆ ಹುಳಿ ಇಷ್ಟ ಕಹಿ ಆಗಲ್ಲ ರಮ್ ಓಕೆ ಅಂತ ಹೇಳಿ ನೋಡಿ. ಖಾಲಿ ಕೂತಿರೋ ಬಾರ್‌ಟೆಂಡರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಕಡ್ಲೆಕಾಯಿ_ಕಂಪನಿ

ಸೀಲಿಂಗ್ ಫೋಟೋ ಇಲ್ದೆ ಈ ಥ್ರೆಡ್ ಅಪೂರ್ಣ.

ಗೋಧಿ_ಗುಂಡ

ಬಿಯರ್ ಡಿಪಾರ್ಟ್‌ಮೆಂಟ್ ನಂದು.

ಮೊದ್ಲು ನಿಮ್ಮ ಐಪಿಎಗೆ ಸಂತಾಪ. ಅದ್ರಲ್ಲಿರೋ ಇಂಡಿಯಾ ನಮ್ದಲ್ಲ ಸ್ವಾಮಿ, ಇಂಗ್ಲೆಂಡಿಂದ ಹಡಗಲ್ಲಿ ಇಲ್ಲಿದ್ದ ಬಿಳಿಯರಿಗೆ ಅಂತ ಕಳಿಸ್ತಿದ್ದ ಬಿಯರು, ತಿಂಗಳುಗಟ್ಟಲೆ ಪ್ರಯಾಣಕ್ಕೆ ಕೆಡಬಾರ್ದು ಅಂತ ಹಾಪ್ಸ್ (ಬಿಯರಿಗೆ ಹಾಕೋ ಒಂದು ಹೂವು) ಜಾಸ್ತಿ, ಹಾಪ್ಸ್ ಅಂದ್ರೇನೇ ಕಹಿ. ಇಷ್ಟ ಪಡೋರು ಹುಚ್ಚರ ಥರ ಇಷ್ಟ ಪಡ್ತಾರೆ, ನಾನೂ ಒಬ್ಬ, ಆದ್ರೆ ಕಿಂಗ್‌ಫಿಷರ್ ಥರದ ಲಾಗರ್ ಕುಡ್ಕೊಂಡ್ ಬಂದೋರಿಗೆ ಮೊದಲ ಗ್ಲಾಸಿಗೆ ಅದನ್ನ ಕೊಡೋದು ಊಟಕ್ಕೆ ಕರೆದು ಬೇವಿನ ಕಷಾಯ ಕೊಟ್ಟಂಗೆ.

ಬೆಂಗಳೂರಲ್ಲಿ ಲ್ಯಾವೆಲ್ ರಸ್ತೆ ಬಿಯರ್ ಕ್ಲಬ್ 2011ರಲ್ಲಿ ಶುರುವಾದಾಗ ನಾವೆಲ್ಲಾ ಇದೇನಪ್ಪ ಬಿಯರ್ ಇಲ್ಲೇ ಕಾಯಿಸ್ತಾರಂತೆ ಅಂತ ಟ್ಯಾಂಕ್ ನೋಡೋಕೇ ಹೋಗ್ತಿದ್ವಿ. ಆಮೇಲೆ ಟಾಯ್ಟ್, ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್. ಈಗ ಗಲ್ಲಿಗೊಂದಿದೆ, ಎಲ್ಲಾ ಒಳ್ಳೇವಲ್ಲ. ಹೋದ ತಕ್ಷಣ ದೊಡ್ ಗ್ಲಾಸ್ ಹೇಳ್ಬೇಡಿ. ಟೇಸ್ಟರ್ ಕೊಡಿ ಅನ್ನಿ, ಪುಟ್ಟ ಗ್ಲಾಸುಗಳಲ್ಲಿ ಅವತ್ತಿರೋ ಎಲ್ಲಾ ಬಿಯರು ಒಂದು ಮರದ ಹಲಗೆ ಮೇಲೆ ಜೋಡಿಸಿ ಕೊಡ್ತಾರೆ, ಸುಮಾರು ಕಡೆ ಒಂದೆರಡು ಗುಟುಕು ಫ್ರೀ. ತಿಳಿ ಬಣ್ಣದಿಂದ ಶುರು ಮಾಡಿ ಕಪ್ಪು, ಕಹಿ ಕೊನೆಗೆ. ಉಲ್ಟಾ ಹೋದ್ರೆ ನಾಲಿಗೆಗೆ ಏನೂ ಗೊತ್ತಾಗಲ್ಲ.

ನಿಮ್ಮನೆಯವ್ರಿಗೆ ಎರಡು ಹೇಳ್ತೀನಿ. ಹೆಫೆವೈಜನ್ ಅಂತ ಜರ್ಮನ್ ಗೋಧಿ ಬಿಯರು, ಮೂಗಿಗಿಟ್ರೆ ಬಾಳೆಹಣ್ಣು, ಲವಂಗ. ಎರಡೂ ಹಾಕಿರಲ್ಲ, ಯೀಸ್ಟೇ ಹುದುಗಿಸ್ತಾ ಆ ವಾಸನೆ ಹುಟ್ಟಿಸುತ್ತೆ. ಇನ್ನೊಂದು ವಿಟ್ ಅಂತ ಬೆಲ್ಜಿಯಮ್ಮಿಂದು, ಟಾಯ್ಟ್‌ನಲ್ಲಿ ಟಿನ್‌ಟಿನ್ ಅಂತ ಹೆಸರು, ಇದಕ್ಕೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ನಿಜವಾಗ್ಲೂ ಹಾಕ್ತಾರೆ. ನಮ್ಮಮ್ಮಂಗೆ ಒಂದ್ಸಲ ಗ್ಲಾಸ್ ಮೂಸೋಕೆ ಕೊಟ್ಟೆ, ಇದೇನೋ ಸಾರಿನ ಪುಡಿ ಹುರಿಯೋಕೆ ಶುರು ಮಾಡಿದಂಗಿದೆ ಅಂದ್ರು, ಬಾಯಿಗಿಡ್ಲಿಲ್ಲ ಆದ್ರೆ ಕರೆಕ್ಟಾಗೇ ಹೇಳಿದ್ರು. ಹುಳಿ ಬೇಕಾದ್ರೆ ಗೋಸೆ ಅಂತ ಮೆನೂಲಿದ್ರೆ ಬಿಡ್ಬೇಡಿ, ಜರ್ಮನಿಯ ಲೈಪ್‌ಜಿಗ್ ಕಡೇದು, ಹುಳಿ, ಉಪ್ಪು, ಕೊತ್ತಂಬರಿ ಬೀಜ. ಮಸಾಲೆ ಮಜ್ಜಿಗೆ ಕುಡಿದು ಬೆಳೆದ ನಾಲಿಗೆಗೆ ಅದೇನೂ ಹೊಸದಲ್ಲ.

ಕಪ್ಪಗಿದ್ರೆ ಸ್ಟ್ರಾಂಗು ಅನ್ನೋದು ಸುಳ್ಳು. ಕಪ್ಪಗಿರೋ ಗಿನ್ನೆಸ್ ಡ್ರಾಟಲ್ಲಿ ಆಲ್ಕೋಹಾಲ್ 4.2 ಪರ್ಸೆಂಟು, ನಮ್ ವೈನ್‌ಶಾಪಿನ ಹೊಂಬಣ್ಣದ ಸ್ಟ್ರಾಂಗ್ ಬಿಯರು 7-8.

ಹುಷಾರಾಗಿರ್ಬೇಕಾದ್ದೂ ಇದೆ. ಹೋದ ಮೇ ತಿಂಗಳು ಒಂದು ಹೊಸ ಜಾಗದಲ್ಲಿ ಮಾವಿನ ಬಿಯರ್ ಅಂತ ಬೋರ್ಡ್ ನೋಡಿ ಹೋದೆ, ಹೆಸರು ಬೇಡ, ಕುಡಿದ್ರೆ ಲಾಗರ್‌ಗೆ ಬಾಟ್ಲಿ ಮಾವಿನ ಜ್ಯೂಸ್ ಸುರಿದಂಗಿತ್ತು, ಸಿಹಿ ಅಂಟು. ಹುದುಗಿಸುವಾಗ ಹಣ್ಣು ಹಾಕಿದ್ರೆ ಸಕ್ಕರೆ ಎಲ್ಲಾ ಯೀಸ್ಟ್ ತಿಂದ್ಬಿಡುತ್ತೆ, ಉಳಿಯೋದು ಸಿಪ್ಪೆ ವಾಸನೆ, ಸ್ವಲ್ಪ ಹುಳಿ, ಅಷ್ಟೇ. ಹಂಗೇ ಲಾಗರಲ್ಲಿ ಬೆಣ್ಣೆ ಪಾಪ್‌ಕಾರ್ನ್ ವಾಸನೆ ಬಂದ್ರೆ ಅದು ಸ್ಪೆಷಲ್ ಫ್ಲೇವರ್ ಅಲ್ಲ, ಪೂರ್ತಿ ಹಣ್ಣಾಗೋ ಮುಂಚೆ ಇಳಿಸಿದಾರೆ ಅಥವಾ ಪೈಪ್ ತೊಳೆದಿಲ್ಲ ಅಂತ, ವಾಪಸ್ ಕೊಡಿ. ಅಂಗಡೀಲಿ ಹಸಿರು ಬಾಟ್ಲಿ ಬಿಸಿಲಿಗೆ ಜೋಡಿಸಿಟ್ಟಿದ್ರೆ ಮುಟ್ಬೇಡಿ, ಬೆಳಕು ತಾಗಿ ಹಾಪ್ಸ್ ಕೆಟ್ಟು ನಾತ ಬರುತ್ತೆ. ಕಂದು ಬಾಟ್ಲಿ, ಕ್ಯಾನು ವಾಸಿ.

ರಾಗಿ ಬಿಯರು ಕಂಡ್ರೆ ಟ್ರೈ ಮಾಡಿ. ಬೇರೆಯೋರಿಗೆ ಅದು ಎಕ್ಸೋಟಿಕ್ಕು, ನಮ್ಗೆ ಹುರಿಹಿಟ್ಟಿನ ದೊಡ್ಡಪ್ಪನ ಮಗ. ರಾಗಿ ನೆನೆಸಿ ಮೊಳಕೆ ಕಟ್ಟಿ ಒಣಗಿಸ್ತಾರಲ್ಲ ಮಗು ಸರಿಗೆ, ಬಾರ್ಲಿಗೂ ಅದನ್ನೇ ಮಾಡೋದು, ಮೊಳಕೆ ಬಂದಾಗ ಹಿಟ್ಟನ್ನ ಸಕ್ಕರೆ ಮಾಡೋ ಕಿಣ್ವ ಹುಟ್ಕೊಳ್ಳುತ್ತೆ, ಆ ಸಕ್ಕರೆ ತಿಂದು ಯೀಸ್ಟ್ ಬಿಯರ್ ಮಾಡುತ್ತೆ. ಸಿಕ್ಕಿಂ ಟ್ರಿಪ್ಪಲ್ಲಿ ತೊಂಗ್ಬಾ ಕುಡಿದಿದ್ದೆ, ಅದೂ ರಾಗೀನೇ, ಹುದುಗಿದ ಕಾಳನ್ನ ಹಂಗೇ ಬಿದಿರಿನ ಚೊಂಬಿಗೆ ತುಂಬಿ ಮೇಲೆ ಬಿಸಿನೀರು ಹುಯ್ದು ಬಿದಿರಿನ ಕೊಳವೇಲಿ ಹೀರೋದು, ಖಾಲಿ ಆದ್ರೆ ಮತ್ತೆ ಬಿಸಿನೀರು. ಚಳೀಲಿ ಎರಡು ಗಂಟೆ ಒಂದೇ ಚೊಂಬು ಇಟ್ಕೊಂಡು ಕೂತಿದ್ದೆ. ಬಿಸಿ ಬಿಯರು ಅಂದ್ರೆ ಮುಖ ಸಿಂಡರಿಸೋರು ಒಂದ್ಸಲ ಅಲ್ಲಿಗೆ ಹೋಗಿ ಬನ್ನಿ.

ರಾಮನವಮಿ_ರಾಘು

ಪಾನಕಕ್ಕೆ ರಮ್ಮಾ? ಐಸ್‌ಡಬ್ಬಿ ಅವ್ರೇ, ಪಾನಕ ಅನ್ನೋದು ದೇವರ ಮುಂದೆ ಇಡೋದು ಸಾರ್, ಹೆಸರಾದ್ರೂ ಬದಲಾಯಿಸಿ. ನಾನೇನು ಸನ್ಯಾಸಿ ಅಲ್ಲ, ಆದ್ರೂ ಏನೋ ಕಸಿವಿಸಿ ಆಯ್ತು ಓದಿ.

ಐಸ್‌_ಡಬ್ಬಿ

ರಾಘು ಅವ್ರೇ ಒಪ್ಕೊಂಡೆ, ಹೆಸರು ವಾಪಸ್. ಇವತ್ತಿಂದ ಅದು ಶುಂಠಿ-ಬೆಲ್ಲದ ಸವರ್. ರುಚಿ ಅದೇ ಇರುತ್ತೆ.

ಮುರುಗಲು_ಮರ

ನಾವು ಹೊನ್ನಾವರ ಕಡೆಯವ್ರು. ಹುಳಿ ಬೇಕು ಅಂತ ಕೇಳಿದವ್ರಿಗೆ ಎಲ್ರೂ ನಿಂಬೆಹಣ್ಣೇ ತೋರಿಸ್ತಿದೀರಲ್ಲ, ಮುರುಗಲು ಎಲ್ಲಿ ಹೋಯ್ತು? ನಮ್ಮಲ್ಲಿ ಮುರುಗಲು, ಮಂಗಳೂರು ಕಡೆ ಪುನರ್ಪುಳಿ, ಕೊಂಕಣಿಯವ್ರು ಬಿರಿಂಡಾ ಅಂತಾರೆ, ಅಂಗಡೀಲಿ ಕೋಕಂ ಅಂದ್ರೇ ಕೊಡೋದು.

ಒಣಗಿದ ಸಿಪ್ಪೆ ತಗೊಳ್ಳಿ, ಉಪ್ಪು ಹಾಕಿ ಒಣಗಿಸಿದ್ದು ಬೇಡ, ಅದು ಸಾಂಬಾರಿಗೆ. ಮುಟ್ಟಿ ನೋಡಿದ್ರೆ ಬೆರಳಿಗೆ ಬಿಳಿ ಪುಡಿ ಹತ್ತಿದ್ರೆ ಉಪ್ಪಿಂದು ಅಂತ ಲೆಕ್ಕ. ಇನ್ನೊಂದು, ಉಪ್ಪಾಗೆ ಅಂತ ಬೇರೆ ಹಣ್ಣಿದೆ, ಅದೂ ಒಣಗಿದ್ರೆ ಕಪ್ಪಗೆ ಹಂಗೇ ಕಾಣುತ್ತೆ, ಅದನ್ನ ನೆನೆಸಿದ್ರೆ ಈ ಬಣ್ಣ ಬರಲ್ಲ, ಮೋಸ ಹೋಗ್ಬೇಡಿ. ಒಂದು ಹಿಡಿ ಸಿಪ್ಪೆ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಕೈಯಲ್ಲೇ ಚೆನ್ನಾಗಿ ಹಿಸುಕಿ ಸೋಸಿ. ದಾಸವಾಳ ಅರೆದಂಗೆ ಕಡುಗೆಂಪು ನೀರು ಬರುತ್ತೆ. ಬಿಳಿ ಟೀಶರ್ಟ್ ಹಾಕ್ಕೊಂಡು ಈ ಕೆಲಸ ಮಾಡ್ಬೇಡಿ ಅನುಭವದ ಮಾತು. ಜಿನ್ 45, ಮುರುಗಲು ನೀರು 45, ಸಕ್ಕರೆ ಪಾಕ 20, ಚಿಟಿಕೆ ಉಪ್ಪು, ಚಿಟಿಕೆ ಹುರಿದ ಜೀರಿಗೆ ಪುಡಿ, ಕುಲುಕಿ ಉದ್ದ ಗ್ಲಾಸಿಗೆ ಸೋಸಿ ಮೇಲೆ ಸೋಡಾ. ಕುಲುಕಿದ ಮೇಲೆ ಸೋಡಾ, ಬಸ್ಯಾ ಅವ್ರು ಗಮನಿಸಿ. ನಿಮ್ ನಾದಿನಿಗೆ ಜಿನ್ ಒಂದು ಬಿಟ್ಟು ಎಲ್ಲಾ ಹಾಕಿ ಕೊಡಿ, ಒಂದೇ ಥರದ ಗ್ಲಾಸಲ್ಲಿ ಕೊಡಿ, ಕುಡಿಯದೇ ಇದ್ದೋರಿಗೆ ಪೆಪ್ಸಿ ಬಾಟ್ಲಿ ಮುಂದಿಟ್ಟು ಕೂರಿಸೋದು ನಂಗೆ ಸರಿ ಕಾಣಲ್ಲ.

ಮಾರ್ಚಿಂದ ಮೇ ಒಳಗೆ ಗೋವಾಕ್ಕೆ ಹೋಗೋದಿದ್ರೆ ಉರಾಕ್ ಕೇಳಿ. ಗೇರುಹಣ್ಣಿನ ರಸ ಹುದುಗಿಸಿ ಒಂದೇ ಸಲ ಭಟ್ಟಿ ಇಳಿಸಿದ್ದು, 15 ಪರ್ಸೆಂಟ್ ಆಸುಪಾಸು. ಅದನ್ನೇ ಇನ್ನೊಂದ್ಸಲ ಇಳಿಸಿದ್ರೆ ಫೆನಿ, 42ರ ಹತ್ರ ಹೋಗುತ್ತೆ, ಗೇರು ಫೆನಿಗೆ 2009ರಲ್ಲೇ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಬಂದಿದೆ. ಉರಾಕಿಗೆ ಲಿಮ್ಕಾ, ನಿಂಬೆಹಣ್ಣು, ಉಪ್ಪು, ಉದ್ದಕ್ಕೆ ಸೀಳಿದ ಒಂದು ಹಸಿಮೆಣಸು. ಇಷ್ಟೇ. ಯಾವ ಹೊಗೆ ಗುಮ್ಮಟವೂ ಬೇಡ. ಹೆಚ್ಚು ದಿನ ಇಡೋಕಾಗಲ್ಲ, ಅಲ್ಲೇ ಕುಡಿದು ಬನ್ನಿ, ಬಾಟ್ಲಿ ಡಿಕ್ಕೀಲಿ ತುಂಬ್ಕೊಂಡು ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟೋ ಸಾಹಸ ಬೇಡ. ಮನೇಲೇ ಕುಕ್ಕರಲ್ಲಿ ಇಳಿಸ್ತೀನಿ ಅನ್ನೋ ಮಹಾನುಭಾವರೂ ಇದಾರೆ, ಅದು ಕಾನೂನು ಪ್ರಕಾರನೂ ಅಪರಾಧ, ಕಣ್ಣು ಹೋಗೋ ಬಾಬತ್ತೂ ಹೌದು.

ವೀಳ್ಯದೆಲೆ ಜಿನ್ ಕೂಡ ನೋಡ್ಬೋದು, ನಾಲ್ಕು ಎಲೆ ಹರಿದು ಕಾಲು ಬಾಟ್ಲಿ ಜಿನ್ನಿಗೆ ಹಾಕಿ ಎರಡು ಗಂಟೆ ಬಿಟ್ಟು ಸೋಸಿ. ಎರಡೇ ಗಂಟೆ.

ಜೋಕುಮಾರ_ಹುಬ್ಳಿ

ಎಲ್ಲಾರೂ ಬೆಂಗಳೂರ ಹೆಸರ ಹೇಳಕೋತ ಕುಂತೀರಿ, ನಮ್ಮ ಕಡೆನೂ ಒಂದೀಟು ನೋಡ್ರಪಾ. ನಿಮ್ಮ ಇಂದಿರಾನಗರಕ್ಕ ಬರಾಕ ನಮಗ ಒಂದ ರಾತ್ರಿ ರೈಲು ಬೇಕು. ಅದಕ್ಕ ನಾ ಮಾಡೂದು ಭಾಳ ಸರಳ ಐತಿ, ಮಾಮೂಲಿ ಲಾಗರ್ ಬಾಟ್ಲಿನ ಸಾಕು.

ಮೆಕ್ಸಿಕೋದಾಗ ಮಿಚೆಲಾಡಾ ಅಂತ ಮಾಡ್ತಾರ, ಬಿಯರ್‌ದಾಗ ಲಿಂಬಿಹಣ್ಣು, ಉಪ್ಪು, ಖಾರ, ಸಾಸು. ಅವರಿಗೆ ಅವರ ಮೆಣಸಿನಕಾಯಿ ಐತಿ, ನಮಗ ಬ್ಯಾಡಗಿ ಐತಿ. ಒಂದು ತಾಟಿನ್ಯಾಗ ಬ್ಯಾಡಗಿ ಖಾರಪುಡಿ, ಉಪ್ಪು ಸಮ ಸಮ ಹರವ್ರಿ, ಗ್ಲಾಸಿನ ಅಂಚಿಗೆ ಲಿಂಬಿಹೋಳು ತಿಕ್ಕಿ ಬೋರಲ ಹಾಕಿ ಒಂದ ಸುತ್ತ ತಿರವ್ರಿ, ಕೆಂಪನ ಅಂಚು ಹತ್ತತೈತಿ. ಒಳಗ ಐಸು, ಒಂದ ಹಣ್ಣಿನ ರಸ, ಎರಡ ಹನಿ ಸೋಯಾ ಸಾಸು, ಆಮ್ಯಾಲೆ ಗ್ಲಾಸ್ ವಾರಿ ಮಾಡಿ ತಣ್ಣನ ಬಿಯರ್ ಸಾವಕಾಶ ಬಿಡ್ರಿ. ಬ್ಯಾಡಗಿ ಬಣ್ಣ ಜಾಸ್ತಿ, ಖಾರ ಕಡಿಮಿ, ಅದಕ್ಕ ನಡೀತೈತಿ. ಗುಂಟೂರ ಪುಡಿ ಹಚ್ಚಿ ನಮ್ಮ ಗೆಳ್ಯಾಗ ಒಂದ ಸಲ ಕೊಟ್ಟಿದ್ದೆ, ಆಂವ ಇನ್ನೂ ಮಾತಾಡಂಗಿಲ್ಲ.

ರೇಟಿನ ಮಾತು ಬ್ಯಾಡ ಅಂದ್ರೂ ಹೇಳ್ತೀನಿ. 2023ರ ಜುಲೈ ಬಜೆಟ್‌ನ್ಯಾಗ ಬಿಯರ್ ಮ್ಯಾಲಿನ ಹೆಚ್ಚುವರಿ ಅಬಕಾರಿ ಸುಂಕ 175ರಿಂದ 185 ಪರ್ಸೆಂಟ್ ಆತು. ಒಂದ ಬಾಟ್ಲಿನ ಎರಡ ಗ್ಲಾಸ್ ಮಾಡಿ, ಇಬ್ಬರು ಕುಂತು, ಮಿರ್ಚಿ ಭಜಿ ತಿಂದು ಏಳೂದು ನಮ್ಮ ಲೆಕ್ಕ.

ಹೊಗೆ_ಹುಚ್ಚ

ಜರ್ಮನಿಯ ನ್ಯೂರೆಂಬರ್ಗಿಂದ ನಮಸ್ಕಾರ, ಇಲ್ಲಿಗೆ ಬಂದು ಏಳು ವರ್ಷ ಆಯ್ತು. ವಿಚಿತ್ರ ಬಿಯರ್ ಅಂದ ತಕ್ಷಣ ಬರೀದೇ ಇರೋಕಾಗ್ಲಿಲ್ಲ.

ಇಲ್ಲಿಂದ ಮುಕ್ಕಾಲು ಗಂಟೆ ಟ್ರೇನು, ಬ್ಯಾಂಬರ್ಗ್ ಅಂತ ಹಳೇ ಊರು. ಅಲ್ಲಿ ಶ್ಲೆಂಕರ್ಲಾ ಅಂತ ಮರದ ತೊಲೆಗಳ ಕಪ್ಪಾದ ಹಳೇ ಪಬ್ಬು, ಅಲ್ಲಿ ಸಿಗೋದು ರೌಖ್‌ಬಿಯರ್, ಹೊಗೆ ಬಿಯರು. ಮೊದಲ ಗುಟುಕಿಗೆ ನಂಗೇನ್ ನೆನಪಾಯ್ತು ಹೇಳ್ಲಾ, ತೀರ್ಥಹಳ್ಳೀಲಿ ಅಜ್ಜಿ ಮನೆ ಬಚ್ಚಲು. ಹಂಡೆ ಒಲೆಗೆ ಹಸಿ ಸೌದೆ ಇಟ್ಟಾಗ ಟವೆಲ್ಲಿಗೂ ತಲೆಕೂದ್ಲಿಗೂ ಹಿಡಿಯೋ ಹೊಗೆ ಇರುತ್ತಲ್ಲ, ಅದು ಗ್ಲಾಸಲ್ಲಿ. ಪಕ್ಕದ ಟೇಬಲ್ಲಿನ ಮುದುಕಪ್ಪ ನನ್ ಮುಖ ನೋಡಿ ನಕ್ಕು, ಮೂರನೇ ಗ್ಲಾಸಿಗೆ ಇಷ್ಟ ಆಗುತ್ತೆ ಬಿಡು ಅಂದ. ಇಲ್ಲಿ ಎಲ್ರೂ ಹಂಗೇ ಅಂತಾರೆ. ನಂಗೆ ಎರಡನೇದಕ್ಕೇ ಆಯ್ತು, ಬಚ್ಚಲಿನ ಪುಣ್ಯ.

ಬಸ್ಯಾ ಅವ್ರ ಗುಮ್ಮಟದ ಹೊಗೆಗೂ ಇದಕ್ಕೂ ವ್ಯತ್ಯಾಸ ಇದೆ. ಇಲ್ಲಿ ಮೊಳಕೆ ಬಂದ ಬಾರ್ಲೀನ ಬೀಚ್ ಮರದ ಬೆಂಕಿ ಮೇಲೆ ಒಣಗಿಸ್ತಾರೆ, ಹೊಗೆ ಕಾಳಿನೊಳಗೇ ಕೂತಿರುತ್ತೆ. ಹಿಂದೆ ಬೆಂಕೀಲೇ ಒಣಗಿಸ್ತಿದ್ದಾಗ ಬಿಯರಿಗೆ ಹೊಗೆ ವಾಸನೆ ಸಾಮಾನ್ಯ, ಆಮೇಲೆ ಹೊಗೆ ಇಲ್ದೆ ಬಿಸಿಗಾಳೀಲಿ ಒಣಗಿಸೋ ಗೂಡು ಬಂದು ಎಲ್ಲಾ ಕಡೆ ಹೋಯ್ತು, ಈ ಊರಲ್ಲಿ ಶ್ಲೆಂಕರ್ಲಾ, ಶ್ಪೆಟ್ಸಿಯಾಲ್ ಅನ್ನೋ ಎರಡು ಬ್ರೂವರಿ ಬಿಡದೇ ಇಟ್ಕೊಂಡಿವೆ. 5 ಪರ್ಸೆಂಟಿನ ಬಿಯರು, ಮರದ ಪೀಪಾಯಿಂದ ನೇರ ಗ್ಲಾಸಿಗೆ.

ಹುಳಿ ಪ್ರಿಯರಿಗೆ ಇನ್ನೊಂದು. ಬ್ರಸೆಲ್ಸಲ್ಲಿ ಕಾಂಟಿಯೋನ್ ಅಂತ 1900ರಿಂದ ಇರೋ ಬ್ರೂವರಿ, ಒಳಗೆ ಸುತ್ತಾಡಿ ನೋಡ್ಬೋದು. ಅವ್ರು ಯೀಸ್ಟೇ ಹಾಕಲ್ಲ. ಕಾದ ಧಾನ್ಯದ ರಸವನ್ನ ರಾತ್ರಿ ಅಟ್ಟದಲ್ಲಿ ಅಗಲವಾದ ತಾಮ್ರದ ಕೊಪ್ಪರಿಗೇಲಿ ತೆರೆದಿಡ್ತಾರೆ, ಗಾಳೀಲಿರೋದೇ ಬಂದು ಕೂತು ಹುದುಗಿಸುತ್ತೆ. ಜೊತೇಲಿ ಬಂದಿದ್ದ ಜರ್ಮನ್ ಕಲೀಗ್‌ಗೆ ಅದೇನೋ ಪವಾಡ ನೋಡಿದಂಗಾಯ್ತು, ನಮ್ಮಮ್ಮ ದಿನಾ ರಾತ್ರಿ ದೋಸೆಹಿಟ್ಟಿಗೆ ಮಾಡೋದು ಇದೇ ಕಣಪ್ಪ ಅಂದೆ. ನಮ್ದು ಬೆಳಗ್ಗೆ ರೆಡಿ, ಅವ್ರದ್ದು ಪೀಪಾಯೀಲಿ ಒಂದು, ಎರಡು, ಮೂರು ವರ್ಷ ಇಟ್ಟಿದ್ದನ್ನೆಲ್ಲಾ ಬೆರೆಸಿ ಗೂಜ್ ಅಂತ ಬಾಟ್ಲಿ ಮಾಡ್ತಾರೆ. ಸೆಖೆ ದಿನಗಳಲ್ಲಿ ಮಾಡೋದೇ ಇಲ್ಲ, ಬೇಡದ ಕ್ರಿಮಿ ಸೇರ್ಕೊಳ್ಳುತ್ತೆ ಅಂತ. ನಮ್ ಹಿಟ್ಟೂ ಏಪ್ರಿಲ್ಲಲ್ಲಿ ಉಕ್ಕಿ ಹುಳಿಯಾಗಲ್ವಾ.

ಕಾರ್ ಓಡಿಸೋ ದಿನ ಇಲ್ಲಿ ಆಲ್ಕೋಹಾಲ್ ಫ್ರೀ ಗೋಧಿ ಬಿಯರ್ ತಗೋತೀವಿ, ಸೈಕಲ್ ತುಳಿದೋರು ರಾಡ್ಲರ್ ತಗೋತಾರೆ, ಅರ್ಧ ಬಿಯರ್ ಅರ್ಧ ನಿಂಬೆ ಸೋಡಾ. ರಾಡ್ಲರ್ ಅಂದ್ರೇನೇ ಸೈಕಲ್ ತುಳಿಯೋನು. ಬೇಸಿಗೇಲಿ ಮನೇಲಿ ಮಾಡೋಕೆ ಅದಕ್ಕಿಂತ ಸುಲಭದ್ದು ಇಲ್ಲ.

ಬೈಟು_ಬಸ್ಯಾ

ಎಲ್ರಿಗೂ ದೊಡ್ಡ ಥ್ಯಾಂಕ್ಸ್, ಹದಿನೈದು ದಿನ ಆದ್ಮೇಲೆ ರಿಪೋರ್ಟ್ ಹಾಕ್ತಿದೀನಿ.

ಗೋಧಿ ಗುಂಡ ಅವ್ರ ಮಾತು ಕೇಳಿ ಬುಧವಾರ ಸಂಜೆ ಹೋಗಿ ಟೇಸ್ಟರ್ ತಗೊಂಡ್ವಿ, ಆರು ಪುಟ್ಟ ಗ್ಲಾಸು. ಅವಳು ವಿಟ್‌ಗೆ ಬಿದ್ಲು, ನಾನು ಸ್ಟೌಟ್ ಅನ್ನೋ ಕಪ್ಪು ಬಿಯರಿಗೆ. ಕೊನೇಲಿ ಐಪಿಎ ಎರಡು ಗುಟುಕು ಕುಡಿದೆ, ಈ ಸಲ ಅಷ್ಟೇನೂ ಹೊಡೀಲಿಲ್ಲ ಆಶ್ಚರ್ಯ, ಆದ್ರೂ ದೊಡ್ ಗ್ಲಾಸ್ ಹೇಳೋ ಧೈರ್ಯ ಬಂದಿಲ್ಲ.

ಶುಂಠಿ-ಬೆಲ್ಲದ ಸವರ್ ಫಸ್ಟ್ ಕ್ಲಾಸ್. ಡಿಕಾಕ್ಷನ್ ಮಾರ್ಟಿನಿ ರುಚಿ ಸೂಪರ್, ಆದ್ರೆ ರಾತ್ರಿ ಹನ್ನೊಂದಕ್ಕೆ ಕುಡಿದು ಮೂರು ಗಂಟೆವರೆಗೆ ಇಬ್ರೂ ಕಣ್ ಬಿಟ್ಕೊಂಡು ಫ್ಯಾನ್ ನೋಡ್ತಾ ಮಲ್ಗಿದ್ವಿ, ಯಾರಾದ್ರೂ ಎಚ್ಚರಿಸ್ಬೋದಿತ್ತು. ವೀಳ್ಯದೆಲೆ ಜಿನ್ ಫೇಲು. ಎರಡು ಗಂಟೆ ಅಂತ ಎರಡೆರಡು ಸಲ ಬರೆದಿದ್ರೂ ಮರೆತು ರಾತ್ರಿ ಪೂರ್ತಿ ಬಿಟ್ಟೆ, ಬೆಳಗ್ಗೆ ತೆಗೆದ್ರೆ ಬೀಡಾ ಅಂಗಡಿ ಬಕೆಟ್ ನೀರಿನ ವಾಸನೆ. ಕಾಲು ಬಾಟ್ಲಿ ಸಿಂಕಿಗೆ. ಬ್ಯಾಡಗಿ ಬಿಯರು ಮಾಡಿದ ದಿನ ಫ್ರೆಂಡ್ಸ್ ಬಂದಿದ್ರು, ಸೋಯಾ ಸಾಸು ಜಾಸ್ತಿ ಬಿತ್ತು, ಗೋಬಿ ಮಂಚೂರಿ ತೊಳೆದ ನೀರು ಅಂದ್ರು ಒಬ್ರು, ಆದ್ರೂ ಮೂರು ಗ್ಲಾಸ್ ಖಾಲಿ ಮಾಡಿದ್ರು.

ಗೆದ್ದಿದ್ದು ಮುರುಗಲು. ಭಾನುವಾರ ನಾದಿನಿ, ಅತ್ತೆ ಇಬ್ರೂ ಬಂದಿದ್ರು. ನಾಲ್ಕು ಒಂದೇ ಥರದ ಗ್ಲಾಸು, ಎರಡಕ್ಕೆ ಜಿನ್ನು, ಎರಡಕ್ಕೆ ಇಲ್ಲ, ತಪ್ಪಾಗ್ಬಾರ್ದು ಅಂತ ಜಿನ್ ಇರೋದಕ್ಕೆ ಪುದೀನಾ ಎಲೆ ಸಿಕ್ಕಿಸಿದ್ದೆ. ಅತ್ತೆ ಪೂರ್ತಿ ಕುಡಿದು ಇನ್ನೊಂದು ಕೊಡಿ ಅಂದ್ರು. ಅಡುಗೆಮನೇಲಿ ಎರಡನೇ ರೌಂಡ್ ಕುಲುಕ್ತಾ ಇದ್ದೆ, ಸೋಡಾ ಇಲ್ದೆ, ಕರೆಕ್ಟಾಗಿ. ಹಿಂದೆ ಬಂದು ನಿಂತ್ರು. ನನ್ ಕೈಲಿದ್ದ ಸ್ಟೀಲ್ ಬಾಟ್ಲಿ ನೋಡಿದ್ರು, ಪಕ್ಕದಲ್ಲಿದ್ದ ಜಿನ್ ನೋಡಿದ್ರು, ನಿಧಾನಕ್ಕೆ ತಲೆ ಎತ್ತಿ ಸೀಲಿಂಗ್ ನೋಡಿದ್ರು.

"ಅವತ್ತು ಹಾರಿದ್ದು ಯಾವ ಎಣ್ಣೆ ಅಳಿಯಂದ್ರೇ?" ಅಂದ್ರು.